ತೊಗರಿ ರಾಶಿ, ಎಲೆಕ್ಟ್ರಾನ್ ಸುಳಿ: 15 ಕೋಟಿ ಡಿಗ್ರಿ ಕಾವು ಎಲ್ಲಿ ಸೋರ್ತದ?

ಹೋದ ಏಪ್ರಿಲ್‌ನ್ಯಾಗ ಕಲಬುರಗಿಯ ಒಂದು ಕಾಲೇಜಿನ ಹಾಲ್‌ನ್ಯಾಗ ಮಾತಾಡಿದ್ದು ಇದು. ಬಿಎಸ್ಸಿ ಹುಡುಗ್ರು, ಅವರ ಮಾಸ್ತರು, ಹುಡುಗ್ರ ಸಂಗಟ ಊರಿಂದ ಬಂದ ನಾಲ್ಕೈದು ಮಂದಿ ಹಿರೇರು ಕುಂತಿದ್ರು. ಬರದು ಹಾಕ್ರಿ ಸರ್ ಅಂತ ಭಾಳ ಮಂದಿ ಕೇಳಿದ್ರು, ಅದಕ್ಕ ಬಾಯಾಗ ಹೆಂಗ ಬಂತೋ ಹಂಗೇ ಬರದೀನಿ, ಬೋರ್ಡ್ ಮ್ಯಾಲೆ ತೆಗೆದ ಚಿತ್ರ ಇಲ್ಲಿ ಮಾತಿನ್ಯಾಗೇ ಹೇಳೀನಿ.

ಎಲ್ಲಾರಿಗೂ ಶರಣು ರೀ.

ಹೊರಗ ಈಗ ಎಷ್ಟು ಬಿಸಲದ ಅಂತ ನಾ ಹೇಳ್ಬೇಕಾಗಿಲ್ಲ, ಬರೂ ಮುಂದ ಎಲ್ಲಾರೂ ತಲಿ ಮ್ಯಾಲೆ ಟವಲ್ ಹಾಕ್ಕೊಂಡೇ ಬಂದೀರಿ. ನಿಮ್ಮ ಊರಾಗ ಹಳೇ ಮಣ್ಣಿನ ಮಾಳಿಗಿ ಮನಿ ಇದ್ರ ನೆನಸ್ಕೊಳ್ರಿ. ಗ್ವಾಡಿ ಎರಡು ಮೊಳ ದಪ್ಪ, ಮ್ಯಾಲೆ ಮಣ್ಣು, ಮಧ್ಯಾಹ್ನ ಎರಡಕ್ಕೂ ಒಳಗ ತಣ್ಣಗ ಇರ್ತದ. ಅದರ ಬಾಜೂಕೇ ಹೊಸಾ ಸ್ಲ್ಯಾಬಿನ ಮನಿ, ರಾತ್ರಿ ಹನ್ನೊಂದಕ್ಕೂ ಫ್ಯಾನ್ ಹಾಕಿದ್ರ ಬಿಸಿ ಗಾಳಿನೇ ಬರ್ತದ. ಎರಡಕ್ಕೂ ಬೀಳೂ ಸೂರ್ಯ ಒಬ್ಬನೇ, ಆದ್ರ ಕಾವು ಗ್ವಾಡಿಯೊಳಗಿಂದ ಎಷ್ಟು ಜಲ್ದಿ ದಾಟ್ತದ ಅನ್ನೂದ್ರಾಗ ಫರಕ್ ಅದ. ನಾನು ಇವತ್ತು ಹೇಳೂದು ಬರೋಬ್ಬರಿ ಇದೇ ಪ್ರಶ್ನಿ, ಸ್ವಲ್ಪ ತಿರುವಿ. ಕಾವು ಒಳಗ ಬರಬಾರದು ಅನ್ನೂದು ನಮ್ಮ ಚಿಂತಿ, ಒಳಗಿನ ಕಾವು ಹೊರಗ ಹೋಗಬಾರದು ಅನ್ನೂದು ಫ್ಯೂಷನ್, ಅಂದ್ರ ಹಗುರ ನ್ಯೂಕ್ಲಿಯಸ್ಸು ಕೂಡಿಸಿ ಶಕ್ತಿ ತಗಿಯೂ ಕೆಲಸ, ಮಾಡೂ ಮಂದಿ ಚಿಂತಿ.

ಫ್ಯೂಷನ್ ಅಂದ ಕೂಡ್ಲೆ ಎಲ್ಲಾರೂ ಕೇಳೂದು, ಸರ್ ಅಷ್ಟು ಕೋಟಿ ಡಿಗ್ರಿ ಹೆಂಗ ಮಾಡ್ತಾರ, ಯಾವ ಪಾತ್ರಿಯೊಳಗ ಇಡ್ತಾರ ಅಂತ. ಖರೇ ಹೇಳ್ತೀನಿ, ಅಷ್ಟು ಡಿಗ್ರಿ ಮಾಡೂದು ಈಗ ಹೊಸಾದಲ್ಲ. 10 ಕೋಟಿ ಡಿಗ್ರಿ ದಾಟಿದ ಯಂತ್ರ ಜಗತ್ತಿನ್ಯಾಗ ಎಷ್ಟೋ ಅದಾವ. ಮಾಡಿದ ಕಾವು ಎಷ್ಟು ಹೊತ್ತು ನಿಲ್ತದ ಅನ್ನೂದು ಮಾತು. ಒಂದು ತೂತು ಬಿದ್ದ ಕೊಡ ತಗೊಳ್ರಿ, ನಳ ಬಂದ್ ಮಾಡಿದ ಮ್ಯಾಲೆ ನೀರು ಎಷ್ಟು ಹೊತ್ತಿನ್ಯಾಗ ಇಳೀತದ ನೋಡ್ರಿ, ಅಂಥಾದ್ದೇ ಒಂದು ಲೆಕ್ಕ ಪ್ಲಾಸ್ಮಾಕ್ಕೂ, ಅಂದ್ರ ಯಂತ್ರದೊಳಗಿನ ಆ ಕಾದ ಅನಿಲಕ್ಕೂ ಅದ, ಅದಕ್ಕ ಶಕ್ತಿ ಹಿಡಿಯೂ ಕಾಲ ಅಂತೀವಿ. ಫ್ರಾನ್ಸಿನ ಕಾಡರಾಶ್‌ನ್ಯಾಗ ಕಟ್ಟಕತ್ತಿರೋ ಇಟರ್ ಅನ್ನೂ ಯಂತ್ರದಾಗ ಈ ಕಾಲ ಮೂರ್ನಾಕು ಸೆಕೆಂಡ್ ಸಿಗಬೇಕು. ಅಷ್ಟೇನಾ ಅಂತೀರಿ, ಆದ್ರ ಆ ಮೂರ್ನಾಕು ಸೆಕೆಂಡ್ ಸಲುವಾಗಿ ಎರಡು ಮೂರು ತಲಿಮಾರಿನ ವಿಜ್ಞಾನಿಗಳು ಆಯುಷ್ಯ ಹಾಕ್ಯಾರ.

ಮೊದಲ ಯಂತ್ರ ಹೆಂಗದ ಹೇಳ್ತೀನಿ. ಡ್ಯೂಟೀರಿಯಂ, ಟ್ರಿಟಿಯಂ, ಎರಡೂ ಹೈಡ್ರೋಜನ್ನಿನ ಅಣ್ಣತಮ್ಮಂದಿರೇ. ಇವೆರಡು ಡಿಕ್ಕಿ ಹೊಡದು ಕೂಡಿದ್ರ ಒಂದು ಹೀಲಿಯಂ ನ್ಯೂಕ್ಲಿಯಸ್ಸು, ಅಂದ್ರ ಆಲ್ಫಾ ಕಣ, ಮತ್ತೊಂದು ನ್ಯೂಟ್ರಾನ್ ಬರ್ತದ, ಕೂಡಿ 17.6 ಎಂಇವಿ ಶಕ್ತಿ (ಎಂಇವಿ ಅಂದ್ರ ಕಣದ ಶಕ್ತಿ ಅಳಿಯೂ ಮಾನ). ಅದರಾಗ ನ್ಯೂಟ್ರಾನ್ 14.1 ತಗೊಂಡು ಸೀದಾ ಹೊರಗ ಹೋಗ್ತದ, ಅದಕ್ಕ ಚಾರ್ಜ್ ಇಲ್ಲ, ಯಾರ ಮಾತೂ ಕೇಳಂಗಿಲ್ಲ. ಉಳಿದ 3.5 ಆಲ್ಫಾ ಹಂತ್ಯಾಕ ಇರ್ತದ, ಈ ಆಲ್ಫಾ ಒಳಗೇ ಉಳೀತದ. ಈ 3.5 ಮರೀಬ್ಯಾಡ್ರಿ, ಆಮ್ಯಾಲೆ ಹೊಳ್ಳಿ ಬರ್ತೀನಿ.

ಇವು ಕೂಡಬೇಕಂದ್ರ ಸುಮಾರು 15 ಕೋಟಿ ಡಿಗ್ರಿ ಬೇಕು, ಸೂರ್ಯನ ನಟ್ಟನಡುವಿನ ಕಾವಿಗಿಂತ ಹತ್ತು ಪಟ್ಟು. ಆ ಬಿಸಿಗಿ ಅಣು ಒಡದು ಎಲೆಕ್ಟ್ರಾನ್ ಬ್ಯಾರೆ, ಎಲೆಕ್ಟ್ರಾನ್ ಕಳಕೊಂಡು ಉಳಿದ ಅಯಾನ್ ಬ್ಯಾರೆ ಆಗಿರ್ತಾವ, ಅದೇ ಪ್ಲಾಸ್ಮಾ. ಯಾವ ಕಬ್ಬಿಣನೂ ತಾಳಂಗಿಲ್ಲ, ಅದಕ್ಕ ಕಾಂತಕ್ಷೇತ್ರದಾಗ ಕಟ್ಟಿ ಹಾಕ್ತಾರ. ಚಾರ್ಜ್ ಇದ್ದ ಕಣ ಕಾಂತರೇಖಿ ಸುತ್ತ ಗಿರಗಿರ ತಿರುಗ್ತಾ ರೇಖಿ ಗುಂಟ ಓಡ್ತದ, ರೇಖಿ ದಾಟಿ ಆಕಡಿ ಹೋಗೂದು ಅದಕ್ಕ ಕಷ್ಟ. ರೇಖಿಗೆ ತುದಿ ಇದ್ರ ಅಲ್ಲಿ ಸೋರ್ತದಲ್ಲಾ, ಅದಕ್ಕ ರೇಖಿನ್ನೇ ಬಳಿ ಹಂಗ ಸುತ್ತಿ ಬಿಟ್ರು. ಇದೇ ಟೋಕಮಾಕ್. ಸೋವಿಯತ್ ದೇಶದಾಗ 1950ರ ಸುಮಾರಿಗೆ ಟಾಮ್ ಮತ್ತ ಸಖರೋವ್ ಅನ್ನೂ ವಿಜ್ಞಾನಿಗಳು ಹಾಕಿಕೊಟ್ಟ ವಿಚಾರ. ಇಟರ್‌ನ್ಯಾಗ ಒಬ್ಬ ಎಲೆಕ್ಟ್ರಾನ್ ಈ ಬಳಿ ಒಂದು ಸುತ್ತು ಹಾಕಲಾಕ ಸುಮಾರು ಒಂದು ಮೈಕ್ರೋಸೆಕೆಂಡ್ ಹಿಡೀತದ, ಅಂದ್ರ ಸೆಕೆಂಡಿಗೆ ಹತ್ತು ಲಕ್ಷ ಸುತ್ತು. ಅಷ್ಟು ಓಡೂ ಪ್ರಾಣಿನ್ನ ಬಾಜೂಕ ಎರಡು ಮೀಟರ್ ಸರೀಲಾರದಂಗ ಮೂರ್ನಾಕು ಸೆಕೆಂಡ್ ಹಿಡೀಬೇಕು ನಾವು. ಅದರ ಆಚಿಗಿ ಕೆಲವೇ ಮೀಟರ್ ದೂರ ಈ ಕಾಂತಕ್ಷೇತ್ರ ಹುಟ್ಟಿಸೂ, ಮೈನಸ್ 269 ಡಿಗ್ರಿ ತಣ್ಣಗಿರೋ ಸೂಪರ್‌ಕಂಡಕ್ಟರ್ ಸುರುಳಿ ಕುಂತಾವ. ಇಷ್ಟು ಕಡಿದಾದ ಕಾವಿನ ಇಳಿಜಾರು ಭೂಮಿ ಮ್ಯಾಲೆ ಬ್ಯಾರೆ ಎಲ್ಲೆದ ಹೇಳ್ರಿ ನೋಡೂಣು.

ಒಂದು ಕಥಿ ಹೇಳಲೇಬೇಕು. 1968ರಾಗ ನೊವೊಸಿಬಿರ್ಸ್ಕ್ ಸಮ್ಮೇಳನದಾಗ ಸೋವಿಯತ್ ವಿಜ್ಞಾನಿ ಅರ್ತ್ಸಿಮೋವಿಚ್ ಅವರ ತಂಡದವರು ನಮ್ಮ ಟಿ-3 ಟೋಕಮಾಕ್‌ನ್ಯಾಗ ಎಲೆಕ್ಟ್ರಾನ್ ಕಾವು ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟ್ಯದ ಅಂದ್ರು. ಬ್ಯಾರೆ ದೇಶದವರು ನಂಬಲಿಲ್ಲ. ಆಗ ಶೀತಲ ಸಮರದ ಕಾಲ, ಅಂಥಾದ್ರಾಗ ಸೋವಿಯತ್ ಮಂದಿನೇ ಇಂಗ್ಲೆಂಡಿನ ಕಲ್ಹ್ಯಾಮ್ ಪ್ರಯೋಗಶಾಲಿ ತಂಡನ್ನ ಕರಸಿದ್ರು, ಬರ್ರಿ ನೀವೇ ಅಳೀರಿ ಅಂತ. ಅವರು ಟನ್‌ಗಟ್ಟಲೆ ಸಾಮಾನು ತಗೊಂಡು ಮಾಸ್ಕೋಕ್ಕ ಹೋಗಿ, ಪ್ಲಾಸ್ಮಾದೊಳಗ ಲೇಸರ್ ಬಿಟ್ಟು, ಎಲೆಕ್ಟ್ರಾನ್‌ಗಳಿಗಿ ತಾಗಿ ಚದುರಿದ ಬೆಳಕಿನ ಬಣ್ಣ ಎಷ್ಟು ಅಗಲ ಆತು ಅಂತ ನೋಡಿ, 1969ರಾಗ ಖರೇ ಅದ ಅಂತ ಹೇಳಿದ್ರು. ಅವತ್ತಿಂದ ಜಗತ್ತೆಲ್ಲಾ ಟೋಕಮಾಕ್ ಹಿಂದ ಬಿತ್ತು. ಇದನ್ನ ಯಾಕ ಹೇಳ್ದೆ ಅಂದ್ರ, ಆ ಯಂತ್ರದ ನಸೀಬು ತೆರದದ್ದು ಎಲೆಕ್ಟ್ರಾನಿನ ಕಾವು ಅಳದು. ಅದೇ ಎಲೆಕ್ಟ್ರಾನಿನ ಕಾವು ಹೆಂಗ ಸೋರ್ತದ ಅನ್ನೂದು ಅವತ್ತೂ ಒಗಟು, ಇವತ್ತೂ ಪೂರಾ ಬಿಡಿಸಿಲ್ಲ.

ಈಗ ಒಂದು ಲೆಕ್ಕ, ಹುಡುಗ್ರೇ ಪೆನ್ ತಗೀರಿ. ಕಣ ರೇಖಿ ಬಿಟ್ಟು ಸರಿಯೂದು ಡಿಕ್ಕಿ ಹೊಡದಾಗ ಮಾತ್ರ ಅಂತ ಇಟ್ಕೊಳ್ರಿ. ಒಂದು ಡಿಕ್ಕಿಗೆ ತನ್ನ ಸುತ್ತಿನ ತ್ರಿಜ್ಯದಷ್ಟು ಒಂದು ಹೆಜ್ಜಿ. ಹೆಜ್ಜಿಯ ವರ್ಗಕ್ಕ ಡಿಕ್ಕಿಯ ಸಂಖ್ಯಾ ಗುಣಿಸಿದ್ರ ಸೋರಿಕೆ ಅಂದಾಜು ಸಿಗ್ತದ. 10 ಕೋಟಿ ಡಿಗ್ರಿ ಮ್ಯಾಲೆ, 5 ಟೆಸ್ಲಾ ಕ್ಷೇತ್ರದಾಗ ಡ್ಯೂಟೀರಿಯಂ ಅಯಾನಿನ ತ್ರಿಜ್ಯ ಸುಮಾರು 3 ಮಿಲಿಮೀಟರ್, ಒಂದು ತೊಗರಿ ಕಾಳಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎಲೆಕ್ಟ್ರಾನ್ ತ್ರಿಜ್ಯ ಅದಕ್ಕಿಂತ 60 ಪಟ್ಟು ಸಣ್ಣ, ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ಡಿಕ್ಕಿ ಮಾತ್ರ 60 ಪಟ್ಟು ಹೆಚ್ಚು. 60ರ ವರ್ಗ 3600, ಅದನ್ನ 60ರಿಂದ ಭಾಗ ಮಾಡ್ರಿ. ಅಂದ್ರ ಎಲೆಕ್ಟ್ರಾನ್ ಮೂಲಕ ಕಾವು ಅಯಾನಿಗಿಂತ 60 ಪಟ್ಟು ಕಡಿಮಿ ಸೋರಬೇಕು. ಬಳಿ ಆಕಾರದ ಸಲುವಾಗಿ ಕಣ ಬಾಳಿಹಣ್ಣಿನಂಥ ದಾರಿ ಹಿಡೀತಾವ, ಅದನ್ನ ಸೇರಿಸಿ 1968ರಾಗ ಗಲೇವ್, ಸಗ್ದೇವ್ ಅನ್ನೋರು ಲೆಕ್ಕ ತಿದ್ದಿದ್ರು, ಸೋರಿಕೆ ಹೆಚ್ಚಾತು, ಆದ್ರ ಈ 60ರ ಅಂತರ ಹಂಗೇ ಉಳೀತು.

ಯಂತ್ರದಾಗ ಅಳದ್ರ ಏನು ಸಿಕ್ತು? ಎಲೆಕ್ಟ್ರಾನ್ ಸೋರಿಕೆ ಅಯಾನಿನ ಸರೀಕ! ಲೆಕ್ಕಕ್ಕಿಂತ ನೂರು ಪಟ್ಟಿನ ಹತ್ತಿರ ಹೆಚ್ಚು. ಇದು ಸಣ್ಣ ತಪ್ಪಲ್ಲ ರೀ. ಮನಿಗಿ ಒಂದು ಚೀಲ ಜ್ವಾಳ ವರ್ಷಕ್ಕ ಸಾಕು ಅಂತ ಲೆಕ್ಕ ಹಾಕಿದಾಗ ನೂರು ಚೀಲ ಖರ್ಚಾದಂಗ. ಭಾಳ ವರ್ಷ ಇದಕ್ಕ ಅಸಹಜ ಸಾಗಣಿ ಅಂತ ಹೆಸರಿಟ್ಟು ಇಟ್ಟಿದ್ರು. ನನಗ ಈ ಹೆಸರು ಸೇರಂಗಿಲ್ಲ, ಯಾಕಂದ್ರ ಎಲ್ಲಾ ಟೋಕಮಾಕ್‌ನ್ಯಾಗೂ ಆಗೂದು ಇದೇ, ಇದೇ ಸಹಜ, ಡಿಕ್ಕಿ ಲೆಕ್ಕನೇ ಅಪರೂಪದ್ದು.

ಕಳ್ಳ ಯಾರಂದ್ರ ಸುಳಿ. ಟರ್ಬ್ಯುಲೆನ್ಸ್.

ಚೈತ್ರದಾಗ ಬಯಲು ಹೊಲದಾಗ ಸುಳಿಗಾಳಿ ಏಳೂದು ನೋಡೀರಲ್ಲ? ನೆಲ ಕಾದದ, ಮ್ಯಾಲೆ ಗಾಳಿ ತಣ್ಣಗದ, ಆ ಫರಕ್ ಒಂದು ಮಿತಿ ದಾಟ್ತು ಅಂದ್ರ ಗಾಳಿ ಸುಮ್ಮನ ಕೂಡಂಗಿಲ್ಲ, ಸುತ್ತಲಾಕ ಹತ್ತತದ, ಮಣ್ಣು ಕಸ ಎಲ್ಲಾ ಎತ್ತಿ ಒಯ್ತದ. ಪ್ಲಾಸ್ಮಾದಾಗೂ ನಡು ಬಿಸಿ, ಅಂಚು ತಣ್ಣಗ. ಕಾವಿನ ಇಳಿಜಾರು ಮಿತಿ ದಾಟಿದ್ರ ಸಣ್ಣ ಸಣ್ಣ ಸುಳಿ ಹುಟ್ಟಿ ಒಳಗಿನ ಬಿಸಿ ಹೊರಗ, ಹೊರಗಿನ ತಂಪು ಒಳಗ ಕಲಸತಾವ.

ಇದರಾಗ ನನಗ ಭಾಳ ಚಂದ ಅನಸೂದು ಒಂದು ಮಾತು. ಸುಳಿಯೊಳಗ ಸಣ್ಣ ವಿದ್ಯುತ್ ಕ್ಷೇತ್ರ ಇರ್ತದ, ಕಾಂತಕ್ಷೇತ್ರ ಮೊದಲೇ ಅದ, ಎರಡೂ ಕೂಡಿ ಕಣನ್ನ ಅಡ್ಡಕ್ಕ ಸರಸತಾವ. ಆ ಸರಿಯೂ ವೇಗದ ಸೂತ್ರದಾಗ ಕಣದ ತೂಕನೇ ಇಲ್ಲ, ಚಾರ್ಜೂ ಇಲ್ಲ! ಭೀಮಾ ಹೊಳಿ ತುಂಬಿ ಹರಿಯೂ ಮುಂದ ಹುಲ್ಲುಕಡ್ಡಿನೂ ಒಯ್ತದ, ಕಟ್ಟಿಗಿ ತೊಲಿನೂ ಒಯ್ತದ, ಎರಡೂ ಒಂದೇ ವೇಗದಾಗ. ಹಂಗೇ ಸಾವಿರಾರು ಪಟ್ಟು ಹಗುರ ಇದ್ದ ಎಲೆಕ್ಟ್ರಾನೂ ಅಯಾನ್ ಸಂಗಟ ಅದೇ ಸುಳಿಯೊಳಗ ಹೋಗ್ತದ. 60 ಪಟ್ಟು ಕಡಿಮಿ ಅನ್ನೂ ನಮ್ಮ ಲೆಕ್ಕ ಇಲ್ಲೇ ಮುರದು ಬೀಳ್ತದ.

ಈಗ ತೊಗರಿ ರಾಶಿಗೆ ಬರ್ತೀನಿ. ಎಪಿಎಂಸಿ ಯಾರ್ಡ್‌ನ್ಯಾಗ ಚೀಲ ಸುರದು ರಾಶಿ ಹಾಕೂದು ನೀವೆಲ್ಲಾ ಕಂಡೀರಿ. ನಡುವ ಸುರೀತಾ ಹೋದಂಗ ರಾಶಿ ಏರ್ತದ, ಒಂದು ಇಳಿಜಾರು ಆದ ಮ್ಯಾಲೆ ಮ್ಯಾಲೆ ಸುರದದ್ದೆಲ್ಲಾ ಜರದು ಅಂಚಿಗಿ ಬರ್ತದ. ಎಷ್ಟು ಸುರದ್ರೂ ಇಳಿಜಾರು ಅಷ್ಟೇ, ಕಡಿದಾಗಂಗಿಲ್ಲ. ಪ್ಲಾಸ್ಮಾನೂ ಹಿಂಗೇ. ನಡುವ ಹೀಟಿಂಗ್ ಡಬಲ್ ಮಾಡ್ರಿ, ನಡುವಿನ ಕಾವು ಡಬಲ್ ಆಗಂಗಿಲ್ಲ, ಸುಳಿ ಜೋರಾಗಿ ಹೆಚ್ಚಿನ ಕಾವೆಲ್ಲಾ ಜಾರಿಸಿ ಬಿಡ್ತಾವ. ಇದಕ್ಕ ಬಿರುಸು ಇಳಿಜಾರು ಅಂತ ನಾ ಕನ್ನಡದಾಗ ಹೇಳ್ತೀನಿ. ರೊಕ್ಕ ಹಾಕಿ ಹೀಟರ್ ಹೆಚ್ಚು ಮಾಡಿದ್ರ ಕೆಲಸ ಆಗ್ತದ ಅನ್ನೋರಿಗೆ ರಾಶಿ ಮುಂದ ನಿಲ್ಲಿಸಿ ತೋರಸಬೇಕು.

ಸುಳಿ ಒಂದೇ ನಮೂನಿ ಇಲ್ಲ. ಅಯಾನ್ ಕಾವಿನ ಇಳಿಜಾರಿನಿಂದ ಹುಟ್ಟೂವು ದೊಡ್ಡವು, ಅಯಾನ್ ತ್ರಿಜ್ಯಕ್ಕಿಂತ ಕೆಲವು ಪಟ್ಟು, ಅಂದ್ರ ಒಂದೆರಡು ಸೆಂಟಿಮೀಟರ್ ಹಂತ್ಯಾಕ. ಬಳಿಯ ಹೊರಮಗ್ಗಲದಾಗ ಕಾಂತಕ್ಷೇತ್ರ ಕಡಿಮಿ ಇರ್ತದ, ಅಲ್ಲಿ ಸಿಕ್ಕಿಬಿದ್ದು ಹಿಂದ ಮುಂದ ಓಲಾಡೂ ಎಲೆಕ್ಟ್ರಾನ್‌ಗಳಿಂದ ಹುಟ್ಟೂ ಸುಳಿ ಬ್ಯಾರೆ, ಅವೂ ಸುಮಾರು ಅದೇ ಗಾತ್ರ. ಕಾಂತರೇಖಿನೇ ಹರದು ಜೋಡಿಸಿ ಅಸ್ತವ್ಯಸ್ತ ಮಾಡೂ ಮತ್ತೊಂದು ಜಾತಿ ಅದ, ಅಂಥಲ್ಲಿ ಎಲೆಕ್ಟ್ರಾನ್ ರೇಖಿ ಗುಂಟ ಓಡ್ತಾ ಓಡ್ತಾನೇ ಹೊರಗ ಬಿದ್ದಿರ್ತದ. ಕೊನೀದು ಎಲೆಕ್ಟ್ರಾನಿನ ಸ್ವಂತ ಕಾವಿನ ಇಳಿಜಾರಿನಿಂದ ಹುಟ್ಟೂವು, ಇಟಿಜಿ ಅಂತಾರ, ಇವು ಅಯಾನ್ ಸುಳಿಗಿಂತ 60 ಪಟ್ಟು ಸಣ್ಣ, ಸುಮಾರು ಅಷ್ಟೇ ಪಟ್ಟು ಚುರುಕು. ಅಯಾನಿಗೆ ಇವು ಗೊತ್ತೇ ಆಗಂಗಿಲ್ಲ. ದೊಡ್ಡ ಗಾಲಿ ಸಣ್ಣ ಸಣ್ಣ ಹರಳಿನ ಮ್ಯಾಲೆ ಉರುಳಿ ಹೋದಂಗ, ಅಯಾನಿನ ಒಂದು ಸುತ್ತಿನ್ಯಾಗ ಹತ್ತಾರು ಸುಳಿ ಬಂದು ಹೋಗಿ ಎಲ್ಲಾ ಸರಿದೂಗಿ ಬಿಡ್ತಾವ.

ಇಷ್ಟು ಸಣ್ಣ ಸುಳಿ ಎಷ್ಟು ಕಾವು ಒಯ್ದೀತು, ಬಿಡ್ರಿ ಅಂತ ಭಾಳ ವರ್ಷ ಅಂದ್ಕೊಂಡಿದ್ರು. ಗಾತ್ರ ನೋಡಿ ಲೆಕ್ಕ ಹಾಕಿದ್ರ 60ರಲ್ಲಿ ಒಂದು ಪಾಲು. 2000ದ ಸುಮಾರಿಗೆ ಯೆಂಕೊ, ಡಾರ್ಲಂಡ್ ಅನ್ನೂ ವಿಜ್ಞಾನಿಗಳೆಲ್ಲಾ ಕಂಪ್ಯೂಟರ್‌ನ್ಯಾಗ ಮಾಡಿ ನೋಡಿದಾಗ ಗೊತ್ತಾತು, ಈ ಸುಳಿ ದುಂಡಗ ಉಳಿಯಂಗಿಲ್ಲ, ನಡುವಿನಿಂದ ಅಂಚಿನ ಕಡಿಗೆ ಉದ್ದಕ್ಕ ಜಗ್ಗಿದ ಶಾವಿಗಿ ಹಂಗ ಆಗ್ತಾವ. ಅಗಲ ಸಣ್ಣದೇ, ಉದ್ದ ಮಾತ್ರ ಭಾಳ. ಶಾವಿಗಿ ಗುಂಟ ಎಲೆಕ್ಟ್ರಾನ್ ಕಾವು ಸರ್ರಂತ ಹರೀತದ. ಆಮ್ಯಾಲೆ ದೊಡ್ಡ ಸುಳಿ, ಸಣ್ಣ ಸುಳಿ ಎರಡನ್ನೂ ಕೂಡೇ ಹಾಕಿ ಲೆಕ್ಕ ಮಾಡಬೇಕಾತು, ಇದು ಭಾಳ ದುಬಾರಿ, ಒಂದೇ ಚಿತ್ರದಾಗ ಇಡೀ ಕೆರಿನೂ ಕಾಣಬೇಕು, ಅದರಾಗಿನ ಸೊಳ್ಳಿ ಹುಳನೂ ಕಾಣಬೇಕು ಅಂದಂಗ. 2015ರಾಗ ಜಪಾನಿನ ಕೆ ಸೂಪರ್ ಕಂಪ್ಯೂಟರ್ ಮ್ಯಾಲೆ, 2016ರಾಗ ಅಮೆರಿಕದ ಎಂಐಟಿಯ ಆಲ್ಕೇಟರ್ ಸಿ-ಮಾಡ್ ಯಂತ್ರದ ಪ್ಲಾಸ್ಮಾ ಮ್ಯಾಲೆ ಇಂಥಾ ಲೆಕ್ಕ ಬಂದ್ವು, ಕಂಪ್ಯೂಟರ್ ತಾಸು ಕೋಟಿಗಟ್ಟಲೆ ಖರ್ಚಾದ್ವು. ಸಿ-ಮಾಡ್‌ನ್ಯಾಗ ದೊಡ್ಡ ಸುಳಿ ಅಷ್ಟೇ ಇಟ್ರ ಎಲೆಕ್ಟ್ರಾನ್ ಸೋರಿಕೆ ಪ್ರಯೋಗಕ್ಕಿಂತ ಕಡಿಮಿ ಬರ್ತಿತ್ತು, ಸಣ್ಣವೂ ಸೇರಿಸಿದ ಮ್ಯಾಲೆ ಹೊಂದ್ತು. ಅಷ್ಟೇ ಅಲ್ಲ ರೀ, ಇವು ಒಂದಕ್ಕೊಂದು ಮಾತಾಡ್ತಾವ. ದೊಡ್ಡ ಸುಳಿ ಜೋರಿದ್ರ ಶಾವಿಗಿನ್ನ ಹರದು ಹಾಕ್ತದ. ಸಣ್ಣ ಸುಳಿ ಸುಮ್ಮ ಕೂಡಂಗಿಲ್ಲ, ದೊಡ್ಡ ಸುಳಿಯನ್ನ ಹತೋಟಿಯಾಗ ಇಡೂ ಪಟ್ಟಿ ಹರಿವು ಅಂತ ಇರ್ತಾವಲ್ಲ, ಗುರು ಗ್ರಹದ ಮ್ಯಾಲಿನ ಪಟ್ಟಿ ಇದ್ದಂಗ, ಅವನ್ನ ಸಡಲ ಮಾಡಿ ದೊಡ್ಡದಕ್ಕ ಮತ್ತ ಬಲ ಕೊಡ್ತದ. ಬ್ಯಾರೆ ಬ್ಯಾರೆ ಲೆಕ್ಕ ಮಾಡಿ ಕೂಡಿಸಿದ್ರ ನಡೀತದ ಅನ್ನೂ ನಂಬಿಕಿ ಅಲ್ಲಿಗಿ ಮುಗೀತು.

ಅಯಾನ್ ಕಡಿ ಸಮಸ್ಯಾ ಸ್ವಲ್ಪ ಹಗುರ ಆಗ್ಯದ. ಪ್ಲಾಸ್ಮಾದ ಒಂದೊಂದು ಪದರ ಒಂದೊಂದು ವೇಗದಾಗ ಓಡಂಗ ಮಾಡಿದ್ರ ದೊಡ್ಡ ಸುಳಿ ಹರದು ಹೋಗ್ತಾವ. ಪ್ರಿನ್ಸ್‌ಟನ್‌ನ ಎನ್‌ಎಸ್‌ಟಿಎಕ್ಸ್ ಅನ್ನೂ ಗುಂಡನ ಟೋಕಮಾಕ್‌ನ್ಯಾಗ ಅಯಾನ್ ಸೋರಿಕೆ ಬರೀ ಡಿಕ್ಕಿ ಲೆಕ್ಕದ ಮಟ್ಟಕ್ಕ ಇಳೀತು. ಎಲೆಕ್ಟ್ರಾನ್ ಮಾತ್ರ ಇಳೀಲಿಲ್ಲ. ಅಷ್ಟು ಸಣ್ಣ, ಅಷ್ಟು ಚುರುಕು ಸುಳಿಯನ್ನ ಈ ಪದರಿನ ಎಳದಾಟ ಹಿಡಿಯಂಗಿಲ್ಲ, ಕತ್ತರಿ ಬಾಯಿ ತೆರಿಯೂದ್ರೊಳಗ ಅದು ಹುಟ್ಟಿ ಸತ್ತು ಇನ್ನೊಂದು ಹುಟ್ಟಿರ್ತದ.

ಈಗ ಆ 3.5 ಎಂಇವಿ ಆಲ್ಫಾಕ್ಕ ಬರ್ರಿ. ಇವತ್ತಿನ ಯಂತ್ರದಾಗ ಬಿಸಿ ಹೊರಗಿಂದ ಹಾಕ್ತಾರ, ಬೇಕಂದ್ರ ಅಯಾನಿಗೇ ಹಾಕಬಹುದು. ನಾಳಿನ ಯಂತ್ರದಾಗ ಪ್ಲಾಸ್ಮಾ ತಾನೇ ಉರೀಬೇಕು, ಒಲಿಯೊಳಗ ಕಟ್ಟಿಗಿ ಹತ್ತಿದ ಮ್ಯಾಲೆ ಊದೂ ಕೆಲಸ ಇರಬಾರದು. ಇಟರ್ ಗುರಿ 50 ಮೆಗಾವಾಟ್ ಒಳಗ ಹಾಕಿ 500 ಮೆಗಾವಾಟ್ ಫ್ಯೂಷನ್ ಶಕ್ತಿ ತಗಿಯೂದು, ಅದರಾಗ ಐದನೇ ಪಾಲು, 100 ಮೆಗಾವಾಟ್, ಆಲ್ಫಾ ಕೈಯಾಗ. ಆಲ್ಫಾ ಆ ಶಕ್ತಿ ಯಾರಿಗಿ ಕೊಡ್ತದ? ಅದರ ವೇಗಕ್ಕ ಅಯಾನ್ ಸಂಗಟ ಜೋಡಿ ಕೂಡಂಗಿಲ್ಲ, ಮೊದಲ ಬಹುಪಾಲು ಎಲೆಕ್ಟ್ರಾನ್‌ಗಳಿಗೇ ಕೊಡ್ತದ. ಎಲೆಕ್ಟ್ರಾನ್ ಆಮ್ಯಾಲೆ ಡಿಕ್ಕಿ ಹೊಡೀತಾ ಹೊಡೀತಾ ಸಾವಕಾಶ ಅಯಾನಿಗೆ ದಾಟಸಬೇಕು, ಯಾಕಂದ್ರ ಕೂಡಿ ಉರಿಯೂವು ಅಯಾನ್‌ಗಳೇ. ನಡುವ ನಿಂತ ಈ ಎಲೆಕ್ಟ್ರಾನ್ ಹಂತ್ಯಾಕಿಂದ ಕಾವು ದಾಟೂಕಿಂತ ಮೊದಲೇ ಸೋರಿ ಹೋದ್ರ ಅಯಾನಿಗೆ ಮುಟ್ಟೂದೇನು? ಹೊಲದ ಕಾಲುವಿ ಮೊದಲನೇ ತಿರುವಿನ್ಯಾಗೇ ಒಡದ್ರ ಕೊನೀ ಮಡಿಗೆ ನೀರು ಹೆಂಗ ಬರ್ತದ? ಇಷ್ಟು ದಿವಸ ಅಯಾನ್ ಕಡಿ ಲಕ್ಷ್ಯ ಹೆಚ್ಚು ಇತ್ತು. ಉರಿಯೂ ಪ್ಲಾಸ್ಮಾಕ್ಕ ಎಲೆಕ್ಟ್ರಾನೇ ಮೊದಲ ಬಾಗಲಾ ಅಂತ ನಾ ಗಟ್ಟಿಯಾಗಿ ನಂಬೀನಿ.

ನಮ್ಮ ದೇಶದವರು ಇದರಾಗ ಹಿಂದ ಇಲ್ಲ, ಇದನ್ನ ಹುಡುಗ್ರು ತಿಳ್ಕೋಬೇಕು. ಗಾಂಧಿನಗರದ ಹಂತ್ಯಾಕ ಭಾಟ್ ಅನ್ನೂ ಹಳ್ಳಿಯಾಗ ಪ್ಲಾಸ್ಮಾ ಸಂಶೋಧನಾ ಸಂಸ್ಥಾ ಅದ, 1986ರಾಗ ಶುರು ಆತು, ಕಟ್ಟಿದವರು ಪ್ರೆಧಿಮನ್ ಕೃಷ್ಣ ಕಾವ್ ಅವರು. ಅಲ್ಲೇ ಕಟ್ಟಿದ ಆದಿತ್ಯ ಟೋಕಮಾಕ್ 1989ರಾಗ ಚಾಲೂ ಆತು. 1992ರಾಗ ಅದೇ ಯಂತ್ರದಾಗ ಅಂಚಿನ ಸುಳಿ ಒಂದೇ ಸಮ ಇರಂಗಿಲ್ಲ, ನಿಂತು ನಿಂತು ದಬದಬ ಬರ್ತಾವ ಅಂತ ತೋರಿಸಿದ್ರು. ಇಟಿಜಿ ಸುಳಿ ಅಳಿಯೂ ವಿಚಾರದಾಗ ಇನ್ನೊಂದು ಮಾಡ್ಯಾರ, ಅದು ನನಗ ಭಾಳ ಸೇರ್ತದ. ಟೋಕಮಾಕ್‌ನ್ಯಾಗ ಆ ಸುಳಿ ಭಾಳ ಸಣ್ಣ, ಬಿಸಿಗಿ ಒಳಗ ಕಡ್ಡಿ ಹಾಕಿ ಅಳಿಯಲಾಕ ಬರಂಗಿಲ್ಲ. ಹಂಗಾದ್ರ ಸುಳಿನ್ನೇ ದೊಡ್ಡದು ಮಾಡೂಣು ಅಂದ್ರು. 3 ಮೀಟರ್ ಉದ್ದ, 2 ಮೀಟರ್ ವ್ಯಾಸದ ಒಂದು ದೊಡ್ಡ ಡ್ರಮ್ಮು, ಅದರಾಗ ತಣ್ಣನ ಪ್ಲಾಸ್ಮಾ, ಕಾಂತಕ್ಷೇತ್ರ ಬರೀ 6 ಗಾಸ್ ಸುಮಾರು (ಹತ್ತು ಸಾವಿರ ಗಾಸ್ ಕೂಡಿದ್ರ ಒಂದು ಟೆಸ್ಲಾ). ಕ್ಷೇತ್ರ ಕಡಿಮಿ ಆದ್ರ ತ್ರಿಜ್ಯ ಹೆಚ್ಚು, ಅಲ್ಲಿ ಎಲೆಕ್ಟ್ರಾನ್ ಸುತ್ತು ಸುಮಾರು 5 ಮಿಲಿಮೀಟರ್ ಆತು, ಕಡ್ಡಿ ಹಾಕಿ ಆರಾಮ ಅಳೀಬಹುದು. ಹೆಚ್ಚು ಶಕ್ತಿಯ ಪುಂಡ ಎಲೆಕ್ಟ್ರಾನ್‌ಗಳನ್ನ ನಡುವ ಒಂದು ಕಾಂತದ ಜರಡಿ ಇಟ್ಟು ತಡದು, 2012ರಾಗ ಇಟಿಜಿ ಸುಳಿ ಕಂಡದ್ದು ಪ್ರಕಟ ಮಾಡಿದ್ರು.

ಇಲ್ಲಿಗೆ ನನ್ನ ಮಾತು ಮುಗದಿತ್ತು, ಪ್ರಶ್ನಿ ಚಾಲೂ ಆದ್ವು. ಆಳಂದ ಕಡಿ ಒಬ್ಬಾಕಿ ಹುಡುಗಿ ಎದ್ದು, “ಸರ್, ಖರೇ ಟೋಕಮಾಕ್‌ನ್ಯಾಗ ಆ ಸಣ್ಣ ಸುಳಿ ಯಾರರ ಕಂಡಾರೇನ್ರಿ?” ಅಂದ್ಲು. ಕಂಡಾರವ್ವಾ, ಎನ್‌ಎಸ್‌ಟಿಎಕ್ಸ್‌ನ್ಯಾಗ ಮೈಕ್ರೋವೇವ್ ಬಿಟ್ಟು, ಸುಳಿಗೆ ತಾಗಿ ಚದುರಿ ಬಂದದ್ದನ್ನ ಹಿಡದು 2008ರಾಗ ತೋರಿಸ್ಯಾರ, ಎಲೆಕ್ಟ್ರಾನ್ ಇಳಿಜಾರು ಮಿತಿ ದಾಟಿದಾಗ ಆ ಸಿಗ್ನಲ್ ಏಳ್ತಿತ್ತು ಅಂತ ಹೇಳಿದೆ.

ಆಮ್ಯಾಲೆ ಹಿಂದಿನ ಸಾಲಿನ್ಯಾಗ ಕುಂತಿದ್ದ ಒಬ್ಬ ಕಾಕಾ ಕೈ ಎತ್ತಿದ್ರು, ರುಮಾಲು ಸುತ್ತಿದ್ರು, ಮೊಮ್ಮಗನ ಸಂಗಟ ಬಂದಿದ್ರು. “ತಮ್ಮಾ, ರಾಶಿ ಜರೀತದ ಅಂದಿ. ನಾವು ಅಂಚಿಗಿ ಸುತ್ತಾ ಚೀಲ ಒಟ್ಟತೀವಿ, ಆಗ ರಾಶಿ ಪೂರಾನೇ ಮ್ಯಾಲೇಳ್ತದ. ನೀವು ಒಟ್ಟಂಗಿಲ್ಲೇನು?”

ನಾ ಅಲ್ಲೇ ನಿಂತೆ. ಇದು ಇಡೀ ವಿಷಯದ ದೊಡ್ಡ ಶೋಧ ರೀ, 1982ರಾಗ ಜರ್ಮನಿಯ ಆಸ್ಡೆಕ್ಸ್ ಅನ್ನೂ ಟೋಕಮಾಕ್‌ನ್ಯಾಗ ಫ್ರಿಟ್ಜ್ ವಾಗ್ನರ್ ಕಂಡದ್ದು. ಹೀಟಿಂಗ್ ಒಂದು ಮಟ್ಟ ದಾಟಿದಾಗ ಅಂಚಿನ ಸುಳಿ ತಾನೇ ತಣ್ಣಗಾಗಿ ಅಲ್ಲೊಂದು ಕಟ್ಟಿ ನಿಲ್ತದ, ಕಾವು ಹಿಡಿಯೂ ಕಾಲ ಸುಮಾರು ಡಬಲ್ ಆಗ್ತದ, ಇಳಿಜಾರು ಅದೇ ಇದ್ರೂ ಕಟ್ಟಿ ಎತ್ತರ ಆದದ್ದಕ್ಕ ನಡುವಿನ ಕಾವು ಏರ್ತದ. ಇಟರ್ ನಂಬಿರೋದೇ ಈ ಕಟ್ಟಿನ್ನ. ಕಾಕಾಗ ಹಂಗೇ ಹೇಳಿದೆ. ಅವರು ಬಿಡಲಿಲ್ಲ, “ಭಾಳ ಒಟ್ಟಿದ್ರ ಚೀಲ ನೂಕಿ ಒಮ್ಮಿಗಿಲೇ ಹೊರಗ ಬೀಳ್ತದಲ್ಲ?” ಅಂದ್ರು. ಹೌದ್ರಿ ಕಾಕಾ, ಅದಕ್ಕ ಎಲ್ಮ್ ಅಂತಾರ, ಕಟ್ಟಿ ಒಡದು ಒಂದಿಷ್ಟು ಕಾವು ಒಮ್ಮಿಗಿಲೇ ಗ್ವಾಡಿಗಿ ಬಡೀತದ, ಅದನ್ನ ತಡಿಯಲಾಕ ಇಟರ್ ಒಳಗ 27 ಕಾಂತದ ಸುರುಳಿ ಕೂಡ್ರಸಕತ್ತಾರ, ಸಣ್ಣಗ ಸಣ್ಣಗ ಸೋರಲಿ, ಒಮ್ಮಿಗಿಲೇ ಬ್ಯಾಡ ಅಂತ.

ಅವರು ಸ್ವಲ್ಪ ಹೊತ್ತು ಸುಮ್ಮ ಕುಂತು ಕೇಳಿದ್ರು, “ಚೀಲ ಗಟ್ಟಿ ನಿಂತ್ರೂ ಕಾಳು ಅಷ್ಟೇ ನಿಲ್ತಾವ ತಮ್ಮಾ, ನುಚ್ಚು ಸಂದಿನ್ಯಾಗಿಂದ ಸೋರೇ ಸೋರ್ತದ. ಅದಕ್ಕೇನ್ ಮಾಡ್ತೀರಿ?”

ಕಟ್ಟಿಯೊಳಗ ದೊಡ್ಡ ಸುಳಿ ಸತ್ತ ಮ್ಯಾಲೂ ಎಲೆಕ್ಟ್ರಾನ್ ಕಾವು ಒಯ್ಯೂದು ಇಟಿಜಿ ಸುಳಿನೇ ಅಂತ ಈಗ ಎಷ್ಟೋ ಮಂದಿ ಲೆಕ್ಕ ಹಾಕಕತ್ತಾರ. ಅದೇ ನುಚ್ಚು ರೀ ಕಾಕಾ, ನಾ ಒಂದು ತಾಸು ಮಾತಾಡಿದ್ದು ಆ ನುಚ್ಚಿನ ಸಲುವಾಗೇ ಅಂದೆ.